ಎರಡು ವಾಲ್ವ್, ಒಂದು ನಾಬ್: ನನ್ನ ಪುಟ್ಟ ಆಂಪ್ ಪರಿಚಯವಾದ ಬಗೆ

ನನ್ನ ಗಿಟಾರ್ ಆಂಪ್, ಅಂದರೆ ಗಿಟಾರ್ ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್, 5 ವಾಟ್‌ನದು. ಹಾಗೆಂದ ತಕ್ಷಣ ಜನ ಮೂಗು ಮುರಿಯುತ್ತಾರೆ. ಹೋಮ್ ಥಿಯೇಟರ್ ಡಬ್ಬದ ಮೇಲೆ ಸಾವಿರ ವಾಟ್ ಅಂತ ಅಚ್ಚು ಹಾಕಿರುವ ಕಾಲದಲ್ಲಿ ಐದು ಯಾವ ಲೆಕ್ಕ? ಆದರೆ ಗಿಟಾರ್ ಸ್ಪೀಕರ್‌ಗಳು ಬೇರೆ ಜಾತಿ. ಒಂದೇ ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 95ರಿಂದ 100 ಡೆಸಿಬಲ್ ಸದ್ದು ಮಾಡುವಂಥವು ಅವು. 97 ಅಂತ ಇಟ್ಟುಕೊಳ್ಳಿ. 5 ವಾಟ್‌ಗೆ ಅದರ ಮೇಲೆ ಇನ್ನೊಂದು 7 ಸೇರಿ 104 ಆಗುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು ಅನ್ನುವುದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ನಾನಿರುವುದು ಬೆಂಗಳೂರಿನ ಮತ್ತಿಕೆರೆಯಲ್ಲಿ, ಬಾಡಿಗೆ ಮನೆಯ ಮೊದಲ ಮಹಡಿ. ಕೆಳಗೆ ಓನರ್ ಆಂಟಿ. ನಾಬ್ ಅರ್ಧಕ್ಕೆ ತಿರುಗಿಸಿದರೆ ಸಾಕು, ಮೆಟ್ಟಿಲ ಬುಡದಿಂದ ಕೇಳುತ್ತಾರೆ: "ಏನಪ್ಪಾ, ಮಿಕ್ಸಿ ಏನಾದ್ರೂ ಕೆಟ್ಟೋಗಿದ್ಯಾ?"

ಡಿಸ್ಟಾರ್ಷನ್, ಅಂದರೆ ಆಂಪನ್ನು ಮಿತಿಮೀರಿ ದುಡಿಸಿದಾಗ ಸದ್ದು ಒಡೆಯುವುದರ ಬಗ್ಗೆ ಇಷ್ಟು ಖಚಿತವಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆಂಪ್ ಸೆಕೆಂಡ್ ಹ್ಯಾಂಡ್. ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯವಲ್ಲ, ಈ ಗಾತ್ರದ ಆಂಪ್‌ಗಳ ಒಳಗು ಹೆಚ್ಚುಕಡಿಮೆ ಒಂದೇ ಥರ. ಎರಡು ವಾಲ್ವ್, ಅಂದರೆ ಸಿಗ್ನಲ್ ಹಿಗ್ಗಿಸುವ ಗಾಜಿನ ನಳಿಕೆಗಳು: ಒಂದು ಇಸಿಸಿ83 (ಅಮೆರಿಕದವರು ಇದನ್ನೇ 12ಎಎಕ್ಸ್7 ಅನ್ನುತ್ತಾರೆ), ಒಂದು ಇಎಲ್84. ಜೊತೆಗೆ ಎರಡು ಟ್ರಾನ್ಸ್‌ಫಾರ್ಮರ್, ಎಂಟು ಇಂಚಿನ ಸ್ಪೀಕರ್, ಮುಂದೆ ಒಂದೇ ಒಂದು ವಾಲ್ಯೂಮ್ ನಾಬ್. ಬಾಸ್, ಟ್ರೆಬಲ್ ಯಾವುದೂ ಇಲ್ಲ. ಈ ಮನೆತನದ ಹಿರಿಯಣ್ಣ ಫೆಂಡರ್ ಚಾಂಪ್. ಅದರ ಮೊದಲ ರೂಪ 1948ರ ಚಾಂಪಿಯನ್ 800. ಐವತ್ತರ ದಶಕದ ಕೊನೆಗೆ ಬಂದ 5ಎಫ್1 ಸರ್ಕ್ಯೂಟ್‌ನಲ್ಲೂ ಇದ್ದದ್ದು ವಾಲ್ಯೂಮ್ ಒಂದೇ. ಅಲ್ಲಿ ಪವರ್ ವಾಲ್ವ್ (ಕೊನೆಯಲ್ಲಿ ಸ್ಪೀಕರನ್ನು ದುಡಿಸುವ ವಾಲ್ವ್) 6ವಿ6, ನನ್ನದರಲ್ಲಿ ಇಎಲ್84, ಮುಖ್ಯ ವ್ಯತ್ಯಾಸ ಅದು. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ ಮೊದಲು ಇಟ್ಟುಕೊಂಡಿದ್ದು ರೇಡಿಯೊ ರಿಪೇರಿ ಅಂಗಡಿ. ಆತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಹಾಗಾಗಿ ಈ ಆಂಪನ್ನು ಬಿಚ್ಚಿ ನೋಡಿದರೆ ಕಾಣುವುದು ಒಂದು ಹಳೇ ರೇಡಿಯೊದ ಕೊನೆಯ ಅರ್ಧವೇ.

ಇದನ್ನು ನನಗಿಂತ ಮೊದಲು ಗುರುತಿಸಿದವರು ಎದುರು ಮನೆಯ ಅಂಕಲ್. ಬಿಇಎಲ್‌ನಲ್ಲಿ (ಭಾರತ್ ಎಲೆಕ್ಟ್ರಾನಿಕ್ಸ್) ಕೆಲಸ ಮಾಡಿ ರಿಟೈರ್ ಆದವರು. ಹಿಂದಿನ ಮುಚ್ಚಳ ತೆಗೆದು ತೋರಿಸಿದೆ. ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿ, "ಇದು ಇಎಲ್84 ಅಲ್ವೇನೋ? ರೇಡಿಯೊ ಔಟ್‌ಪುಟ್ ವಾಲ್ವ್ ಇದು. ಇದರಲ್ಲಿ ವಾರ್ತೆ ಕೇಳ್ತಿದ್ವಿ ನಾವು" ಅಂದರು. ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1954ರಲ್ಲಿ ಶುರುವಾಯಿತು. 1961ರಿಂದ ಅಲ್ಲಿ ರೇಡಿಯೊ ವಾಲ್ವ್‌ಗಳನ್ನು ತಯಾರಿಸತೊಡಗಿದರು. ಗಾಜಿನ ಮೇಲೆ ಬಿಇಎಲ್ ಅಂತ ಅಚ್ಚಾದ ಇಎಲ್84ಗಳನ್ನು ಇವತ್ತಿಗೂ ಹೊರದೇಶದ ಗಿಟಾರಿಗರು ಹುಡುಕಿ ಕೊಳ್ಳುತ್ತಾರೆ. ನಮ್ಮ ಮನೆಯಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿ ತಯಾರಾದ ಮಾಲು ಅದು.

ಈಗ ಒಳಗೆ ಏನಾಗುತ್ತದೆ ಅನ್ನುವುದಕ್ಕೆ ಬರುತ್ತೇನೆ. ಇದು ತಿಳಿಯದೆ ಮುಂದಿನ ಮಾತು ಯಾವುದೂ ಹತ್ತುವುದಿಲ್ಲ.

ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಗಿಟಾರ್ ಪಿಕಪ್‌ನಿಂದ ಬರುವುದು ಒಂದು ವೋಲ್ಟ್‌ನ ಹತ್ತನೇ ಒಂದು ಭಾಗ ಇರಬಹುದು, ಜೋರಾಗಿ ಮೀಟಿದರೆ ಇನ್ನಷ್ಟು. ಇಸಿಸಿ83 ಒಂದೇ ಗಾಜಿನೊಳಗೆ ಎರಡು ಟ್ರಯೋಡ್, ಅಂದರೆ ಸಿಗ್ನಲ್ ಹಿಗ್ಗಿಸುವ ಎರಡು ಘಟಕ, ಇಟ್ಟುಕೊಂಡ ವಾಲ್ವ್. ಅದರ ಮೊದಲ ಅರ್ಧ ಈ ಸಿಗ್ನಲನ್ನು ಸುಮಾರು 60 ಪಟ್ಟು ಹಿಗ್ಗಿಸುತ್ತದೆ. ಆಮೇಲೆ ಬರುವುದು ವಾಲ್ಯೂಮ್ ನಾಬ್. ಅಲ್ಲಿ ನಾವು ಬಿಟ್ಟಷ್ಟು ಮುಂದೆ ಹೋಗಿ, ಎರಡನೇ ಅರ್ಧ ಮತ್ತೆ ಅಷ್ಟೇ ಪಟ್ಟು ಹಿಗ್ಗಿಸಿ ಇಎಲ್84ಗೆ ಒಪ್ಪಿಸುತ್ತದೆ. ಇಎಲ್84 ಪೂರ್ತಿ ದುಡಿಯುವುದಕ್ಕೆ ಅದರ ಗ್ರಿಡ್‌ಗೆ (ಸಿಗ್ನಲ್ ಒಳಗೆ ಹೋಗುವ ಕಡೆ) ಬೇಕಾಗುವುದು ಎಂಟೋ ಹತ್ತೋ ವೋಲ್ಟ್ ಮಾತ್ರ. ಗುಣಿಸಿ ನೋಡಿ: ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಿಗ್ನಲ್ ಇಲ್ಲಿದೆ. ನಾಬನ್ನು ಹತ್ತು ಗಂಟೆಯ ಮುಳ್ಳಿನ ಜಾಗದವರೆಗೆ ತಿರುಗಿಸಿದರೆ ಸದ್ದು ಶುದ್ಧ. ಅಲ್ಲಿಂದ ಹನ್ನೆರಡರವರೆಗೆ ಜೋರಾಗಿ ಮೀಟಿದಾಗ ಮಾತ್ರ ಅಂಚು ಒಡೆಯುತ್ತದೆ. ಎರಡು ಗಂಟೆ ದಾಟಿದ ಮೇಲೆ ಸದ್ದು ದೊಡ್ಡದಾಗುವುದು ನಿಂತು ದಪ್ಪವಾಗುತ್ತಾ ಹೋಗುತ್ತದೆ. ಪವರ್ ವಾಲ್ವ್‌ಗೆ ಇನ್ನು ಕೊಡಲು ಏನೂ ಉಳಿದಿಲ್ಲ ಎಂದು ಅರ್ಥ. ಇಎಲ್84 ಮತ್ತು ಸ್ಪೀಕರ್ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇದೆ. ವಾಲ್ವ್ ಬಯಸುವುದು 5,000 ಓಮ್ ಲೋಡ್, ಸ್ಪೀಕರ್ ಇರುವುದು 8 ಓಮ್. 25 ಸುತ್ತಿಗೆ ಒಂದು ಸುತ್ತಿನ ಲೆಕ್ಕದಲ್ಲಿ ಸುತ್ತಿದ ತಾಮ್ರ ಆ ಎರಡನ್ನೂ ಹೊಂದಿಸುತ್ತದೆ. ಸ್ಪೀಕರ್ ತಂತಿ ಕಿತ್ತಿಟ್ಟು ಆಂಪ್ ಆನ್ ಮಾಡಿ ನುಡಿಸಬಾರದು ಅನ್ನುವುದು ಇದಕ್ಕೇ. ಲೋಡ್ ಇಲ್ಲದಾಗ ವಾಲ್ವ್ ಕಡೆಯ ಪ್ರೈಮರಿ ಸುತ್ತಿನಲ್ಲಿ ವೋಲ್ಟೇಜ್ ನುಗ್ಗಿ ಇನ್ಸುಲೇಷನ್ ಸುಟ್ಟರೆ ಆ ಟ್ರಾನ್ಸ್‌ಫಾರ್ಮರ್ ಗುಜರಿಗೆ.

ಮುಚ್ಚಳ ತೆಗೆಯುವವರಿಗೆ ಒಂದು ಮಾತು, ಅಂಕಲ್ ಮಾತಲ್ಲೇ: "ಪ್ಲಗ್ ಕಿತ್ತರೂ ಕೈ ಇಡಬೇಡ ಕಣೋ. ಕಂಡೆನ್ಸರ್ ಒಳಗೆ ಕರೆಂಟು ಕೂತಿರತ್ತೆ." ಒಳಗೆ ಓಡಾಡುವುದು 280ರಿಂದ 300 ವೋಲ್ಟ್ ಡಿಸಿ. ಪ್ಲಗ್ ಕಿತ್ತ ಮೇಲೂ ಅಂಕಲ್ ಹೇಳಿದ ಕಂಡೆನ್ಸರ್‌ಗಳಲ್ಲಿ, ಅಂದರೆ ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪ್ಯಾಸಿಟರ್‌ಗಳಲ್ಲಿ, ಅದು ಉಳಿದಿರಬಹುದು. ಎರಡು ಕ್ಲಿಪ್ ತಂತಿಯ ನಡುವೆ 10 ಕಿಲೋ ಓಮ್, 5 ವಾಟ್‌ನ ರೆಸಿಸ್ಟರ್ ಬೆಸೆದು, ಮೇಲೆ ಸ್ಲೀವ್ ಹಾಕಿಟ್ಟುಕೊಂಡಿದ್ದೇನೆ. ಒಂದು ತುದಿ ಷಾಸಿಗೆ (ಆಂಪ್‌ನ ಲೋಹದ ತಳ), ಇನ್ನೊಂದು ಕೆಪ್ಯಾಸಿಟರ್‌ನ ಪ್ಲಸ್‌ಗೆ. ಕೆಲವು ಸೆಕೆಂಡ್ ಹಿಡಿದು, ಆಮೇಲೆ ಮಲ್ಟಿಮೀಟರ್ ಇಟ್ಟು ಸೊನ್ನೆ ಹತ್ತಿರ ಬಂದಿದೆಯೋ ನೋಡಿ, ಅದಾದ ಮೇಲೆಯೇ ಬೆರಳು ಒಳಗೆ. ಆನ್ ಇರುವಾಗ ವೋಲ್ಟೇಜ್ ಅಳೆಯುವುದಾದರೆ ಎಡಗೈ ಪ್ಯಾಂಟಿನ ಜೇಬಲ್ಲಿ. ಕಾಲಿಗೆ ರಬ್ಬರ್ ಚಪ್ಪಲಿ. ಇಷ್ಟು ಶಿಸ್ತು ಬರಲ್ಲ ಅನ್ನುವವರು ಮುಚ್ಚಳ ತೆಗೆಯುವುದೇ ಬೇಡ, ಹೊರಗಿನಿಂದಲೇ ಕಲಿಯುವುದು ಬೇಕಾದಷ್ಟಿದೆ.

ಮೊದಲು ಅಳೆದದ್ದು ಇಎಲ್84 ಎಷ್ಟು ದುಡಿಯುತ್ತಿದೆ ಅನ್ನುವುದನ್ನು. ಅದರ 3ನೇ ಪಿನ್ ಕ್ಯಾಥೋಡ್. ವಾಲ್ವ್ ಒಳಗೆ ಎಲೆಕ್ಟ್ರಾನ್‌ಗಳು ಹೊರಡುವುದು ಅಲ್ಲಿಂದ, ಹೋಗಿ ಸೇರುವುದು ಪ್ಲೇಟ್‌ಗೆ, ನಡುವಿನ ಸ್ಕ್ರೀನ್ ಗ್ರಿಡ್ ಒಂದಿಷ್ಟು ಎಳೆದುಕೊಳ್ಳುತ್ತದೆ. ಕ್ಯಾಥೋಡ್‌ನಿಂದ ಷಾಸಿಗೆ 220 ಓಮ್ ರೆಸಿಸ್ಟರ್ ಇತ್ತು, ಅದರ ಮೇಲೆ 10 ವೋಲ್ಟ್. ಭಾಗಿಸಿದರೆ 45 ಮಿಲಿ ಆಂಪಿಯರ್. ಸ್ಕ್ರೀನ್ ಗ್ರಿಡ್ ಎಳೆಯುವ ನಾಲ್ಕನ್ನು ಕಳೆದರೆ ಪ್ಲೇಟ್‌ನಲ್ಲಿ 41. ಪ್ಲೇಟ್‌ನಿಂದ ಕ್ಯಾಥೋಡ್‌ಗೆ 275 ವೋಲ್ಟ್. ಗುಣಿಸಿದರೆ 11 ವಾಟ್ ಚಿಲ್ಲರೆ. ಇಎಲ್84 ಪ್ಲೇಟ್ ತಡೆಯುವುದು 12 ವಾಟ್ ಎಂದು ಡೇಟಾಶೀಟ್ ಹೇಳುತ್ತದೆ, ಹಾಗಾಗಿ ಪರವಾಗಿಲ್ಲ ಅನ್ನಿಸಿತು. ಆದರೆ ಅದು ಸಂಜೆ ಏಳರ ಅಳತೆ. ಬೀದಿಯಲ್ಲೆಲ್ಲ ಗೀಸರ್, ಟಿವಿ, ಮಿಕ್ಸಿ ಓಡುವ ಹೊತ್ತಿನಲ್ಲಿ ಸಾಕೆಟ್‌ನಲ್ಲಿ 230 ವೋಲ್ಟ್ ಇರುತ್ತದೆ. ರಾತ್ರಿ ಹನ್ನೊಂದರ ಮೇಲೆ ಅದೇ ಸಾಕೆಟ್‌ನಲ್ಲಿ 245. ಒಳಗಿನ ಎಲ್ಲ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಏರಿ ಪ್ಲೇಟ್ ಲೆಕ್ಕ 12 ದಾಟಿ 13ರ ಹತ್ತಿರ ಹೋಯಿತು. ದೀಪ ಆರಿಸಿ ನೋಡಿದರೆ ಪ್ಲೇಟ್ ಕೆಂಪಾಗಿರಲಿಲ್ಲ, ಆದರೂ ವಾಲ್ವ್ ಆಯಸ್ಸು ಸುಮ್ಮನೆ ಸವೆಯುತ್ತಿತ್ತು. 220 ಓಮ್ ಕಿತ್ತು 270 ಹಾಕಿದೆ, 2 ವಾಟ್‌ನದು. ಸಂಜೆಯ ಹೊತ್ತು ಕ್ಯಾಥೋಡ್‌ನಲ್ಲಿ 11 ವೋಲ್ಟ್, ಪ್ಲೇಟ್‌ನಲ್ಲಿ ಸುಮಾರು 10 ವಾಟ್. ರಾತ್ರಿಯೂ 12ರ ಒಳಗೆ. ಸದ್ದಿನಲ್ಲಿ ಏನು ವ್ಯತ್ಯಾಸ ಅಂದರೆ, ನನ್ನ ಕಿವಿಗೆ ಏನೂ ಇಲ್ಲ.

ಅಮೆರಿಕದಿಂದ ನೆಂಟರ ಸೂಟ್‌ಕೇಸಿನಲ್ಲಿ ತರಿಸಿಕೊಳ್ಳುವವರು ಹಿಂದಿನ ತಗಡಿನ ಮೇಲೆ 120 ವೋಲ್ಟ್ ಅಂತ ಇದೆಯೋ ಅಂತ ಮೊದಲು ನೋಡಿ. ಇದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಇನ್ನು ಹಮ್, ಅಂದರೆ ನುಡಿಸದಿದ್ದಾಗಲೂ ಸ್ಪೀಕರ್‌ನಿಂದ ಬರುವ ಗುಂಯ್ ಸದ್ದು. ಈ ಪುಟ್ಟ ಆಂಪ್‌ಗಳ ಜೊತೆ ಬದುಕುವವರೆಲ್ಲ ಒಂದು ದಿನ ಎದುರಿಸಲೇಬೇಕಾದ ವಿಷಯ. ದೊಡ್ಡ ಆಂಪ್‌ಗಳಲ್ಲಿ ಪವರ್ ವಾಲ್ವ್‌ಗಳು ಜೋಡಿಯಾಗಿ ಎದುರು ಬದುರು ದುಡಿಯುತ್ತವೆ. ಉದಾಹರಣೆಗೆ ವಾಕ್ಸ್ ಎಸಿ30ಯಲ್ಲಿ ನಾಲ್ಕು ಇಎಲ್84. ಪವರ್ ಸಪ್ಲೈನಲ್ಲಿ (ವಾಲ್ವ್‌ಗಳಿಗೆ ಡಿಸಿ ಕೊಡುವ ಭಾಗ) ಇರುವ ಗುಂಯ್ ಸದ್ದು ಎರಡೂ ಬದಿಯಿಂದ ಬಂದು ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದನ್ನೊಂದು ಹೊಡೆದುಹಾಕುತ್ತದೆ. ಒಂಟಿ ವಾಲ್ವ್‌ಗೆ ಆ ಭಾಗ್ಯ ಇಲ್ಲ, ಸಪ್ಲೈನಲ್ಲಿರುವುದೆಲ್ಲ ಸ್ಪೀಕರ್‌ನಲ್ಲಿ.

ಹಮ್ ಎಲ್ಲಿಂದ ಬರುತ್ತಿದೆ ಅಂತ ಹುಡುಕಲು ನಾನು ಮೊದಲು ಬಳಸಿದ್ದು ಗಿಟಾರನ್ನೇ. ನಮ್ಮ ಕರೆಂಟು 50 ಹರ್ಟ್ಜ್. ಅದನ್ನು ರೆಕ್ಟಿಫೈ ಮಾಡಿದಾಗ, ಅಂದರೆ ಡಿಸಿಗೆ ತಿರುಗಿಸಿದಾಗ, ಉಳಿಯುವ ಅಲೆ 100 ಹರ್ಟ್ಜ್. ಆರನೇ ತಂತಿಯ ಮೂರನೇ ಫ್ರೆಟ್‌ನಲ್ಲಿರುವ ಜಿ ಸ್ವರ 98 ಹರ್ಟ್ಜ್. ಅಂದರೆ ಆ ಸ್ವರಕ್ಕಿಂತ ಎಳೆಯಷ್ಟು ಏರಿದ ಶ್ರುತಿಯಲ್ಲಿ ಗುಂಯ್ ಅಂದರೆ ಅದು ಫಿಲ್ಟರ್ ಕೆಪ್ಯಾಸಿಟರ್ ಕಡೆಯ ದೂರು. ಅದಕ್ಕೂ ಒಂದು ಸ್ಥಾಯಿ ಕೆಳಗೆ, ಕಿವಿಗಿಂತ ಎದೆಗೆ ಹೆಚ್ಚು ತಾಗುವಂತೆ ಗೊಣಗಿದರೆ ಹೀಟರ್ (ವಾಲ್ವ್‌ನ ಕ್ಯಾಥೋಡನ್ನು ಕಾಯಿಸುವ ತಂತಿ) ಅಥವಾ ಅರ್ತಿಂಗ್. ನನ್ನ ಆಂಪ್‌ನಲ್ಲಿ ಎರಡೂ ಇದ್ದವು. ಆಂಪನ್ನು ಗೋಡೆಗೆ ಮುಖ ಮಾಡಿ ಇಟ್ಟು, ಮೂರನೇ ಫ್ರೆಟ್ ಒತ್ತಿ ಮೀಟಿ, ಸ್ವರ ಆರುತ್ತಾ ಬಂದಂತೆ ಅದಕ್ಕೂ ಹಮ್‌ಗೂ ನಡುವೆ ವಾಂವ್ ವಾಂವ್ ಅಂತ ಡೋಲಾಯಮಾನ ಕೇಳಿಸುತ್ತದೆ, ಸೆಕೆಂಡಿಗೆ ಎರಡು. 100ರಲ್ಲಿ 98 ಹೋದರೆ ಎರಡು ತಾನೆ.

ಆಮೇಲೆ ಹಂತ ಹಂತವಾಗಿ ಕಟ್ಟಿಹಾಕಬೇಕು. ಗಿಟಾರ್‌ನ ಕೇಬಲ್ ಕಿತ್ತೆ, ಹಮ್ ಉಳಿಯಿತು. ವಾಲ್ಯೂಮ್ ಸೊನ್ನೆಗೆ ಇಳಿಸಿದೆ, ಉಳಿಯಿತು. ಆಫ್ ಮಾಡಿ, ಆರಲು ಬಿಟ್ಟು, ಇಸಿಸಿ83 ತೆಗೆದು ಮತ್ತೆ ಆನ್ ಮಾಡಿದೆ. ಕೆಳಗಿನ ಗೊಣಗು ಹೋಯಿತು, ಮೇಲಿನ 100 ಹರ್ಟ್ಜ್ ಹಾಗೇ ಇತ್ತು. ಮೇಲಿನದು ಪವರ್ ಸಪ್ಲೈದು, ಕೆಳಗಿನದು ಆ ಪುಟ್ಟ ವಾಲ್ವ್ ಮೂಲಕ ಬರುತ್ತಿರುವುದು ಎಂದು ಅಲ್ಲಿಗೆ ಖಾತ್ರಿ.

ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆ ಎಸ್.ಪಿ. ರೋಡ್‌ಗೆ ಹೋದೆ. ವಾಲ್ವ್ ಅಂದರೆ ಅಲ್ಲಿನ ಹುಡುಗರು ನಲ್ಲಿ ಅಂಗಡಿ ತೋರಿಸುತ್ತಾರೆ, ಆದರೆ 47 ಮೈಕ್ರೋಫ್ಯಾರಡ್, 450 ವೋಲ್ಟ್ ಅಂದರೆ ಎರಡನೇ ಮಾತಿಲ್ಲದೆ ಡಬ್ಬ ಇಳಿಸುತ್ತಾರೆ. "ಎಷ್ಟ್ ಪೀಸ್ ಸಾರ್?" ಅಂತ ಕೇಳಿ, ಎರಡು ಅಂದರೆ ಮುಖ ಚಿಕ್ಕದು ಮಾಡುತ್ತಾರೆ, ಅಷ್ಟೇ. ಹಳೆಯ 22 ಮೈಕ್ರೋಫ್ಯಾರಡ್‌ನ ಮೊದಲ ಕೆಪ್ಯಾಸಿಟರ್ ತಲೆ ಸ್ವಲ್ಪ ಉಬ್ಬಿತ್ತು. ಅದರ ಜಾಗಕ್ಕೆ 47 ಹಾಕಿದ ಮೇಲೆ 100 ಹರ್ಟ್ಜ್ ಬಹುಪಾಲು ಅಡಗಿತು. ನನ್ನದರಲ್ಲಿ ರೆಕ್ಟಿಫೈಯರ್ ಸಿಲಿಕಾನ್ ಡಯೋಡ್, ಹಾಗಾಗಿ ಇದು ನಡೆಯಿತು. ರೆಕ್ಟಿಫೈಯರ್ ಕೂಡ ವಾಲ್ವ್ ಆಗಿದ್ದರೆ ಅದರ ಡೇಟಾಶೀಟ್ ಹೇಳಿದಷ್ಟೇ ಹಾಕಬೇಕು, ಹೆಚ್ಚಾದರೆ ಆನ್ ಮಾಡಿದಾಗಿನ ರಭಸಕ್ಕೆ ವಾಲ್ವ್ ಹೋಗುತ್ತದೆ.

ಹೀಟರ್‌ನದು ಅಂಕಲ್ ಹೇಳಿಕೊಟ್ಟ ಉಪಾಯ. ವಾಲ್ವ್‌ನ ಹೀಟರ್‌ಗೆ ಬರುವುದು 6.3 ವೋಲ್ಟ್ ಎಸಿ. ನನ್ನ ಆಂಪ್‌ನಲ್ಲಿ ಅದರ ಒಂದು ಕಾಲನ್ನು ನೇರವಾಗಿ ಷಾಸಿಗೆ ಕಟ್ಟಿದ್ದರು. ಅದನ್ನು ಬಿಚ್ಚಿ, ಎರಡು ಕಾಲಿಗೂ ಒಂದೊಂದು 100 ಓಮ್ ರೆಸಿಸ್ಟರ್ ಬೆಸೆದು, ಅವೆರಡರ ಇನ್ನೊಂದು ತುದಿಗಳನ್ನು ಒಟ್ಟಿಗೆ ಸೇರಿಸಿ ಇಎಲ್84ರ ಕ್ಯಾಥೋಡ್‌ಗೆ ಕೊಟ್ಟೆ. ಅಲ್ಲಿ ಹೇಗೂ 11 ವೋಲ್ಟ್ ಡಿಸಿ ಕೂತಿದೆ. ಹೀಟರ್ ಈಗ ಆ 11ರ ಮೇಲೆ ತೇಲುತ್ತದೆ. ಇಸಿಸಿ83ರ ಕ್ಯಾಥೋಡ್ ಇರುವುದು ಒಂದೂವರೆ ವೋಲ್ಟ್ ಆಸುಪಾಸಿನಲ್ಲಿ. ಹೀಟರ್ ಅದಕ್ಕಿಂತ ಮೇಲಿದ್ದರೆ ಹೀಟರ್‌ನಿಂದ ಹೊರಡುವ ಎಲೆಕ್ಟ್ರಾನ್‌ಗಳು ಕ್ಯಾಥೋಡ್ ಕಡೆ ಬರುವುದಿಲ್ಲ, ಹಮ್ ದಾಟುವ ದಾರಿ ಮುಚ್ಚುತ್ತದೆ. ಜೊತೆಗೆ ಹೀಟರ್ ತಂತಿ ಎರಡನ್ನೂ ಬಿಗಿಯಾಗಿ ಹುರಿ ಮಾಡಿ ಷಾಸಿಯ ಮೂಲೆಗೆ ಒತ್ತಿದೆ. ಕೆಲವೇ ರೂಪಾಯಿಯ ರೆಸಿಸ್ಟರ್‌ಗಳು. ಇಡೀ ರಿಪೇರಿಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ.

ಆದರೂ ಒಂದು ಸಿರ್ರ್ ಉಳಿಯಿತು. ಗಿಟಾರ್‌ನ ತಂತಿ ಮುಟ್ಟಿದರೆ ಕಡಿಮೆ, ಬಿಟ್ಟರೆ ಜಾಸ್ತಿ. ಮಲ್ಟಿಮೀಟರ್ ತಂದು ಸಾಕೆಟ್‌ನಲ್ಲಿ ಫೇಸ್‌ಗೂ ಅರ್ತ್‌ಗೂ ಇಟ್ಟೆ. 230 ಬರಬೇಕಾದ ಕಡೆ ತೊಂಬತ್ತು, ನೂರು ಅಂತ ಓಲಾಡುತ್ತಿತ್ತು. ಮೂರು ತೂತಿನ ಸಾಕೆಟ್, ಆದರೆ ಮೂರನೇ ತೂತಿಗೆ ಏನೂ ಸೇರಿಲ್ಲ. ಹಳೇ ಮನೆಗಳಲ್ಲಿ ಇದು ಹೊಸದೇನೂ ಅಲ್ಲ. 300 ವೋಲ್ಟ್ ಇಟ್ಟುಕೊಂಡ ಲೋಹದ ಡಬ್ಬಕ್ಕೆ ತಂತಿಯಲ್ಲಿ ಕಟ್ಟಿದ ಗಿಟಾರನ್ನು ಕೈಯಲ್ಲಿ ಹಿಡಿದು ಕೂರುವವನಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇರೆ ಬೇಕಿಲ್ಲ. ಹಮ್ ಕಡಿಮೆಯಾಗುತ್ತದೆ ಅಂತ ಅರ್ತ್ ಪಿನ್ ಮುರಿಯುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಪ್ರಾಣಕ್ಕೆ ಬರುವ ಕೆಲಸ ಅದು.

ಆಂಟಿಯ ಹತ್ತಿರ ಹೋದೆ. ಕಾಂಪೌಂಡಿನ ಮೂಲೆಯಲ್ಲಿ ಅರ್ತ್ ಗುಂಡಿ ತೋಡಿಸಬೇಕು ಅಂದೆ.

"ಗಿಟಾರ್‌ಗೆ ಗುಂಡಿ ಯಾಕಪ್ಪಾ?"

"ಗಿಟಾರ್‌ಗೆ ಅಲ್ಲ ಆಂಟಿ. ನಿಮ್ಮ ಗೀಸರ್‌ಗೂ ಅರ್ತ್ ಇಲ್ಲ."

ಗೀಸರ್ ಅಂದ ತಕ್ಷಣ ಕೆಲಸ ಆಯಿತು. ಎಲೆಕ್ಟ್ರಿಷಿಯನ್ ಬಂದು ಆಳವಾಗಿ ತೋಡಿಸಿ, ಪೈಪ್ ಇಳಿಸಿ, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಅಂತ ತುಂಬಿ ನೀರು ಹೊಯ್ದ. ಈಗ ಫೇಸ್ ಮತ್ತು ಅರ್ತ್ ನಡುವೆ ಸರಿಯಾಗಿ 230 ಬರುತ್ತದೆ, ಸಿರ್ರ್ ಹೋಯಿತು. ಇನ್ನೂ ಒಂದು ಸಣ್ಣ ಝೀಂಕಾರ ಫ್ಯಾನಿನ ರೆಗ್ಯುಲೇಟರ್‌ನಿಂದ ಬರುತ್ತಿತ್ತು. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತದೆ, ಸಿಂಗಲ್ ಕಾಯಿಲ್ ಪಿಕಪ್ ಅದನ್ನು ಗಾಳಿಯಲ್ಲೇ ಹೆಕ್ಕುತ್ತದೆ. ನುಡಿಸುವಾಗ ಫ್ಯಾನ್ ಪೂರ್ತಿ ವೇಗಕ್ಕೆ ಅಥವಾ ಆಫ್. ಕರೆಂಟು ಹೋಗಿ ಮನೆ ಯುಪಿಎಸ್‌ಗೆ ಬಿದ್ದಾಗ ಮಾತ್ರ ಆಂಪ್ ಮುಟ್ಟುವುದಿಲ್ಲ. ನಮ್ಮದು ಅಗ್ಗದ್ದು, ಚೌಕದ ಅಲೆ ಕೊಡುತ್ತದೆ, ಟ್ರಾನ್ಸ್‌ಫಾರ್ಮರ್ ಜೇನುಗೂಡಿನಂತೆ ಕೂಗುತ್ತದೆ.

ಇಷ್ಟೆಲ್ಲ ಆದ ಮೇಲೆಯೇ ನಿಜವಾದ ಪರಿಚಯ ಶುರು, ಅಂದರೆ ನುಡಿಸುವುದು.

ಒಂದೇ ನಾಬ್ ಇರುವ ಆಂಪ್‌ನಲ್ಲಿ ಮಿಕ್ಕ ನಾಬ್‌ಗಳೆಲ್ಲ ಗಿಟಾರ್ ಮೇಲಿವೆ ಅನ್ನುವುದು ನನಗೆ ಕೈಗೆ ಹತ್ತಿದ್ದು ನಿಧಾನವಾಗಿ. ಆಂಪನ್ನು ಒಂದು ಗಂಟೆಯ ಜಾಗಕ್ಕೆ ಇಟ್ಟು ಮರೆತುಬಿಡುತ್ತೇನೆ. ಗಿಟಾರ್‌ನ ವಾಲ್ಯೂಮ್ ನಾಲ್ಕಕ್ಕೆ ಇಳಿಸಿದರೆ ಸ್ವಚ್ಛ, ಏಳಕ್ಕೆ ಏರಿಸಿದರೆ ಒರಟು, ಹತ್ತಕ್ಕೆ ಹಾಡುವ ದಪ್ಪ ದನಿ. ಇಳಿಸಿದಾಗ ಮೇಲಿನ ಹೊಳಪು ಮಂಕಾಗುತ್ತದೆ, ಕೇಬಲ್‌ನ ಕೆಪ್ಯಾಸಿಟೆನ್ಸ್ ಅದನ್ನು ನುಂಗುತ್ತದೆ. ಆರು ಮೀಟರ್ ಕೇಬಲ್ ಬಿಟ್ಟು ಮೂರು ಮೀಟರ್‌ನದು ಹಾಕಿದೆ. ಗಿಟಾರ್‌ನ ವಾಲ್ಯೂಮ್ ಪಾಟ್‌ನ (ನಾಬ್ ಕೆಳಗಿನ ಬಿಡಿಭಾಗ) ಎರಡು ಕಾಲಿನ ನಡುವೆ ಒಂದು ನ್ಯಾನೋಫ್ಯಾರಡ್‌ನ ಸೆರಾಮಿಕ್ ಕೆಪ್ಯಾಸಿಟರ್ ಬೆಸೆದೆ. ಮಂಕು ಹೋಯಿತು.

ಒಂಟಿ ವಾಲ್ವ್ ದುಡಿದು ಸುಸ್ತಾಗುವಾಗ ಅಲೆಯ ಮೇಲಿನ ಅರ್ಧವನ್ನೂ ಕೆಳಗಿನ ಅರ್ಧವನ್ನೂ ಒಂದೇ ಥರ ಒತ್ತುವುದಿಲ್ಲ. ಹಾಗೆ ಓರೆಯಾಗಿ ಒತ್ತಿದಾಗ ಮೂಲ ಸ್ವರದ ಜೊತೆ ಅದರ ಎರಡರಷ್ಟಿನ ಸ್ವರ ಜೋರಾಗಿ ಹುಟ್ಟುತ್ತದೆ. ನಮ್ಮ ಲೆಕ್ಕದಲ್ಲಿ ಷಡ್ಜ ಮೀಟಿದರೆ ತಾರ ಷಡ್ಜವೂ ಜೊತೆಗೇ. ಇನ್ನೂ ಒತ್ತಿದಾಗ ಮೂರರಷ್ಟು, ಅಂದರೆ ತಾರ ಸ್ಥಾಯಿಯ ಪಂಚಮ. ತಂಬೂರಿಗೆ ಜೀವಾಳದ ದಾರ ಸರಿಸುತ್ತಾ ಹೋದಾಗ ಒಂದು ಜಾಗದಲ್ಲಿ ತಂತಿ ಬಾಯಿ ಬಿಡುತ್ತದಲ್ಲ, ಗಿಟಾರ್‌ನ ವಾಲ್ಯೂಮನ್ನು ಆರರಿಂದ ಏಳಕ್ಕೆ ತರುವಾಗ ನನಗೆ ಕೇಳುವುದು ಅದೇ. ಇದೇ ಕಾರಣಕ್ಕೆ ದಪ್ಪ ಸದ್ದಿನಲ್ಲಿ ಸ-ಪ ಜೋಡಿ ಗಟ್ಟಿಯಾಗಿ ನಿಲ್ಲುತ್ತದೆ. ಆ ಎರಡರ ವ್ಯತ್ಯಾಸದಿಂದ ಹುಟ್ಟುವ ಸ್ವರವೂ ಕೆಳಗಿನ ಷಡ್ಜವೇ. ಸ-ಗ ಜೋಡಿ ಹಾಗಲ್ಲ. ಫ್ರೆಟ್ ಕೊಡುವ ಗಾಂಧಾರ ಶುದ್ಧ ಅನುಪಾತಕ್ಕಿಂತ 14 ಸೆಂಟ್ ಏರು (ಒಂದು ಫ್ರೆಟ್‌ನ ಅಂತರ ಅಂದರೆ 100 ಸೆಂಟ್). ಹುಟ್ಟುವ ವ್ಯತ್ಯಾಸದ ಸ್ವರ ಯಾವುದಕ್ಕೂ ಕೂಡುವುದಿಲ್ಲ, ಕೆಸರಾಗುತ್ತದೆ. ರಾಕ್ ನುಡಿಸುವವರು ಸ-ಪ ಮಾತ್ರ ಇರುವ ಪವರ್ ಕಾರ್ಡ್‌ನಲ್ಲಿ ಗಾಂಧಾರ ಬಿಡುವುದು ಸೋಮಾರಿತನಕ್ಕೆ ಅಂತ ನಾನು ತಿಳಿದಿದ್ದೆ. ಕಿವಿ ಹೇಳಿದ ಪಾಠ ಅದು.

ವಾಲ್ವ್ ಬದಲಿಸುವ ಚಪಲ ಎಲ್ಲರಿಗೂ ಬರುತ್ತದೆ. ಇಸಿಸಿ83ರ ಜಾಗಕ್ಕೆ 12ಎಟಿ7 ಹಾಕಿದೆ. ಮೊದಲಿನದರ ವರ್ಧನಾಂಕ 100, ಇದರದು 60. ಒಡೆಯುವ ಜಾಗ ಮುಂದಕ್ಕೆ ಹೋಗಿ ಶುದ್ಧ ಸದ್ದಿಗೆ ಜಾಗ ಹೆಚ್ಚಿತು. ಇದು ಯಾರಿಗಾದರೂ ಕೇಳುವ ವ್ಯತ್ಯಾಸ. ಇಎಲ್84ನಲ್ಲಿ ಕಂಪನಿಯಿಂದ ಕಂಪನಿಗೆ ಇರುವ ವ್ಯತ್ಯಾಸ ಅಷ್ಟಿಲ್ಲ. ಅಂಕಲ್ ಅಟ್ಟದಿಂದ ಒಂದು ಬಿಇಎಲ್ ಇಎಲ್84 ಇಳಿಸಿ ಕೊಟ್ಟರು. ಗಾಜಿನ ನೆತ್ತಿಯ ಬೆಳ್ಳಿ ಬಣ್ಣದ ಮಚ್ಚೆಯನ್ನು ತೋರಿಸಿ, "ಇದು ಬಿಳಿಚಿಕೊಂಡ್ರೆ ಒಳಗೆ ಗಾಳಿ ಹೋಗಿದೆ ಅಂತ, ಬಿಸಾಕು. ಕನ್ನಡಿ ಥರ ಇದ್ರೆ ಹಾಕು" ಅಂದರು. ಹಾಕಿ, ಕ್ಯಾಥೋಡ್ ವೋಲ್ಟೇಜ್ ಮತ್ತೆ ಅಳೆದು, ನುಡಿಸಿದೆ. ಪೆನ್ಸಿಲ್ ತುದಿಯಿಂದ ಮೆಲ್ಲಗೆ ಬಡಿದರೆ ಸ್ಪೀಕರ್‌ನಲ್ಲಿ ಗಂಟೆಯಂಥ ಸದ್ದು ಬರಲಿಲ್ಲ, ಒಳಗಿನ ಕಟ್ಟು ಇನ್ನೂ ಬಿಗಿಯಾಗಿದೆ. ಚೆನ್ನಾಗಿದೆ, ಹೊಸ ವಾಲ್ವ್‌ನಷ್ಟೇ. ಯುದ್ಧ ಶುರುವಾಗಿ 2022ರಲ್ಲಿ ರಷ್ಯಾದ ವಾಲ್ವ್‌ಗಳು ಸಿಗುತ್ತವೋ ಇಲ್ಲವೋ ಅನ್ನುವ ಗಾಬರಿಯಲ್ಲಿ ಬೆಲೆ ಏರಿದ್ದು ನೆನಪಿರುವವರಿಗೆ, ಅಟ್ಟದಲ್ಲಿ ವಾಲ್ವ್ ಇರುವ ನೆರೆಯವರ ಬೆಲೆ ಗೊತ್ತು.

ದುಡ್ಡು ಹಾಕುವುದಾದರೆ ಸ್ಪೀಕರ್‌ಗೆ ಹಾಕಿ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನುಡಿಸುವ ಗೆಳೆಯನೊಬ್ಬನ ಹತ್ತಿರ 12 ಇಂಚಿನ ಹಳೇ ಗಿಟಾರ್ ಸ್ಪೀಕರ್ ಇತ್ತು. ಹಿಂದೆ ಅಚ್ಚು ಅಳಿಸಿತ್ತು. ಮೀಟರ್ ಇಟ್ಟರೆ 6.4 ಓಮ್. ಡಿಸಿ ಅಳತೆ ಯಾವತ್ತೂ ಕಡಿಮೆಯೇ ತೋರಿಸುವುದು, ಹಾಗಾಗಿ ಇದು 8 ಓಮ್‌ನದು. ಬಡಗಿ ಹತ್ತಿರ 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಹಿಂಬದಿ ಅರ್ಧ ತೆರೆದ ಪೆಟ್ಟಿಗೆ ಮಾಡಿಸಿ, ಆಂಪ್‌ನ 8 ಓಮ್ ಜಾಕ್‌ಗೆ ಸೇರಿಸಿದೆ. ಎಂಟು ಇಂಚಿನದರಲ್ಲಿ ಮೂಗಿನಿಂದ ಬರುತ್ತಿದ್ದ ದನಿ ಹೊಟ್ಟೆಯಿಂದ ಬಂತು. ಅದೇ 5 ವಾಟ್, ಅದೇ ವಾಲ್ವ್. ಮಂದ್ರದ ತಂತಿಗಳು ಮೊದಲ ಸಲ ಬಿಡಿಬಿಡಿಯಾಗಿ ಕೇಳಿದವು. ಜೊತೆಗೆ ಸದ್ದೂ ಹೆಚ್ಚಾಯಿತು, ಅದು ಬೇಡವಾಗಿತ್ತು. ರಾತ್ರಿಗೆ ಈಗ ಆಂಪ್ ಮತ್ತು ಸ್ಪೀಕರ್ ನಡುವೆ ಒಂದು ಅಟೆನ್ಯೂಯೇಟರ್ ಇದೆ, 10 ಡೆಸಿಬಲ್ ಇಳಿಸುತ್ತದೆ. 5 ವಾಟ್ ಹೋಗಿ ಅರ್ಧ ವಾಟ್, ಕಿವಿಗೆ ಸುಮಾರು ಅರ್ಧದಷ್ಟು ಸದ್ದು. ಸದ್ದು ಇಳಿದಾಗ ಕಿವಿಯೇ ಮಂದ್ರವನ್ನು ಕಡಿಮೆ ಕೇಳುತ್ತದೆ, ಅದಕ್ಕೆ ಯಾವ ಡಬ್ಬದಲ್ಲೂ ಮದ್ದಿಲ್ಲ. ರಾತ್ರಿ ಹತ್ತು ಗಂಟೆಯ ಮೇಲೆ ಆಂಪನ್ನೇ ಆಫ್ ಮಾಡುತ್ತೇನೆ.

ಮಲ್ಲೇಶ್ವರದ ಚಿಕ್ಕಮ್ಮ ವೀಣೆ ನುಡಿಸುತ್ತಾರೆ. ಕಚೇರಿಗೆ ಅಂಟಿಸಿಕೊಳ್ಳುವ, ಮರದ ಕಂಪನವನ್ನು ಹಿಡಿಯುವ ಪೀಜೋ ಪಿಕಪ್ ಅವರಲ್ಲಿದೆ. ಒಂದು ಭಾನುವಾರ ಅದನ್ನು ಈ ಆಂಪ್‌ಗೆ ಹಾಕಿ ನೋಡೋಣ ಅಂತ ಹೊತ್ತುಕೊಂಡು ಹೋದೆ. ನೇರವಾಗಿ ಹಾಕಿದಾಗ ಮಂದ್ರ ಸೊರಗಿತ್ತು. ಆಂಪ್‌ನ ಇನ್‌ಪುಟ್ 1 ಮೆಗಾ ಓಮ್, ಆ ಪಿಕಪ್ ಅದಕ್ಕಿಂತ ಹೆಚ್ಚು ಓಮ್ ಕೇಳುವ ಜಾತಿ. ನಡುವೆ ಒಂದು ಎಫ್‌ಇಟಿ ಬಫರ್, ಅಂದರೆ ಪಿಕಪ್ ಮೇಲೆ ಭಾರ ಬೀಳದಂತೆ ಸಿಗ್ನಲ್ ದಾಟಿಸುವ ಪುಟ್ಟ ಬ್ಯಾಟರಿ ಸರ್ಕ್ಯೂಟ್, ಹಾಕಿದ ಮೇಲೆ ಸರಿಹೋಯಿತು. ನಾಬ್ ಒಂಬತ್ತು ಗಂಟೆಯಲ್ಲಿ. ಒಂದೇ ಮೆಟ್ಟಿನ ಮೇಲೆ ತಂತಿ ಎಳೆದು ತೋಡಿಯ ಗಾಂಧಾರ ಆಡಿಸಿದರು. ಎಳೆದ ಸ್ವರ ಆರದೆ ಉದ್ದಕ್ಕೆ ನಿಂತಿತು, ವಾಲ್ವ್ ಮೆಲ್ಲಗೆ ಒತ್ತಿ ಹಿಡಿಯುವುದರ ಲಾಭ ಅದು. ಆದರೆ ಗಿಟಾರ್ ಸ್ಪೀಕರ್ 5,000 ಹರ್ಟ್ಜ್ ದಾಟಿದ ಮೇಲೆ ಏನನ್ನೂ ಸರಿಯಾಗಿ ಹೇಳುವುದಿಲ್ಲ. ಮೀಟಿನ ಟಣತ್ಕಾರ, ತಾಳದ ತಂತಿಯ ಕಿಣಿಕಿಣಿ ಎಲ್ಲ ಅಲ್ಲೇ ಉದುರಿಹೋಗಿತ್ತು.

"ಚೆನ್ನಾಗಿದೆ ಕಣೋ," ಅಂದರು ಚಿಕ್ಕಮ್ಮ, "ಆದ್ರೆ ಇದರಲ್ಲಿ ವೀಣೆ ಎಲ್ಲಿದೆ?"

ಮುಂದಿನ ಸಲ ಆಂಪ್‌ನ ಸ್ಪೀಕರ್ ಜಾಕ್‌ನಲ್ಲಿ 8 ಓಮ್‌ನ ದಪ್ಪ ರೆಸಿಸ್ಟರ್ ಲೋಡ್ ಇಟ್ಟು, ಅದರ ಮೇಲಿಂದ ಸಿಗ್ನಲ್ ಇಳಿಸಿ ತೆಗೆದು, ಟ್ವೀಟರ್ (ಮೇಲಿನ ಸದ್ದಿಗೆಂದೇ ಇರುವ ಪುಟ್ಟ ಸ್ಪೀಕರ್) ಇರುವ ಮನೆಯ ಮ್ಯೂಸಿಕ್ ಸಿಸ್ಟಮ್‌ಗೆ ಕೊಟ್ಟು ನೋಡಬೇಕು. ಬಫರ್‌ನ 9 ವೋಲ್ಟ್ ಬ್ಯಾಟರಿ ಅವರ ಮನೆಯಲ್ಲೇ ಬಿಟ್ಟು ಬಂದಿದ್ದೇನೆ.